ಶಾಲೆಯ ಬೆನ್ನು ಹತ್ತಿದ ಮನೆಗಳು

ನಮ್ಮೂರಿನಲ್ಲಿ ಬೆಳಗಾದರೆ ಹೆಂಗಸರು ಮೊದಲು ಕೇಳುವ ಮಾತು, ಹಿಟ್ಟಿನ ಗಿರಣಿ ಇವತ್ತು ಎಲ್ಲಿದೆ ಎಂದು. ನಿನ್ನೆ ಕೆರೆಯ ದಂಡೆಯಲ್ಲಿದ್ದದ್ದು ಇವತ್ತು ಹುಣಸೆ ಮರದ ಕೆಳಗೆ ಇರಬಹುದು. ಯಾರಾದರೊಬ್ಬರು ನೋಡಿರುತ್ತಾರೆ, ಹೇಳುತ್ತಾರೆ, ಹೆಂಗಸರು ಜೋಳದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಆ ಕಡೆ ನಡೆಯುತ್ತಾರೆ. ಕಟ್ಟಡಗಳೆಂದ ಮೇಲೆ ಓಡಾಡುತ್ತವೆ, ಅದಕ್ಕೆಲ್ಲ ಸಿಟ್ಟು ಮಾಡಿಕೊಂಡರೆ ಬಾಳುವೆ ಆಗುವುದಿಲ್ಲ. ಅಂಚೆ ಕಚೇರಿಗೆ ಬಿಸಿಲು ಸೇರುವುದಿಲ್ಲ, ಬೇಸಿಗೆಯಿಡೀ ಮಾವಿನ ತೋಪಿನಲ್ಲಿ ಬಿದ್ದುಕೊಂಡಿರುತ್ತದೆ. ಪೊಲೀಸ್ ಠಾಣೆ ಒಮ್ಮೆ ಸಂತೆಯ ನಡುವೆ ಬಂದು ಕೂತುಬಿಟ್ಟಿತು, ಆವತ್ತು ಒಬ್ಬರೂ ಚೌಕಾಸಿ ಮಾಡಲಿಲ್ಲ. ಮಂಜಪ್ಪನವರ ಮಾಳಿಗೆ ಮನೆಯೊಂದು ಮಾತ್ರ ಪೇಟೆಯ ಚೌಕ ಬಿಟ್ಟು ಕದಲುವುದಿಲ್ಲ. ಮಂಜಪ್ಪನವರು ಊರಿನ ಸಮಿತಿಗೆ ಅಧ್ಯಕ್ಷರು, ಅದು ಅವರ ಮನೆಗೂ ಗೊತ್ತು.

ಆಗ ನಮ್ಮದು ಊರಿನಿಂದ ಕಾಡು ದಾಟಿದರೆ ಸಿಗುವ ಸಿದ್ದಿಗಳ ಕೇರಿ. ನಮ್ಮ ಗುಡಿಸಲುಗಳು ಎಲ್ಲಿಗೂ ಹೋಗುತ್ತಿರಲಿಲ್ಲ. ಪ್ರತಿ ಮನೆಯ ಮೂಲೆಯಲ್ಲೂ ಒಂದು ತೆಂಗಿನಕಾಯಿ ಇಟ್ಟಿರುತ್ತೇವೆ, ಅದನ್ನು ಹಿರಿಯರು ಅನ್ನುತ್ತೇವೆ. ನಮ್ಮ ಹಿರಿಯರನ್ನು ಕಡಲಾಚೆಯಿಂದ ಹಡಗಿನಲ್ಲಿ ತುಂಬಿ ತಂದು ಮಾರಿದರು. ಕೊಂಡವರಿಂದ ತಪ್ಪಿಸಿಕೊಂಡು ಅವರು ಕಾಡಿನಿಂದ ಕಾಡಿಗೆ ಓಡಿದರು, ಕಡೆಗೆ ಈ ದಿಬ್ಬದ ಮೇಲೆ ಬಂದು ಕೂತರು. ಅವರು ನಡೆದದ್ದು ಸಾಕು, ಇನ್ನು ಯಾರೂ ಅವರನ್ನು ಎಬ್ಬಿಸಬಾರದು ಅಂತ ನಮ್ಮಲ್ಲಿ ಕಟ್ಟಳೆ. ಹಿರಿಯರು ಕೂತ ಮೇಲೆ ಮನೆಯೂ ಕೂತೇ ಇರುತ್ತದೆ. ಹುಸೇನಬಿ ಚಿಗವ್ವ ನಮಾಜು ಮಾಡುತ್ತಾಳೆ, ನನ್ನ ಗೆಳೆಯ ಇನಾಸನ ಮನೆಯಲ್ಲಿ ಶಿಲುಬೆ ಇದೆ, ನಮ್ಮ ಮನೆಯಲ್ಲಿ ಕುಂಕುಮದ ಬಟ್ಟಲು ಇದೆ; ಹಿರಿಯರ ಮೂಲೆ ಮಾತ್ರ ಮೂರೂ ಮನೆಗಳಲ್ಲಿ ಒಂದೇ ಥರ. ಸಿದ್ದಿಗಳ ಮನೆಗೆ ಕಾಲಿಲ್ಲ ಎಂದು ಪೇಟೆಯವರು ನಗುತ್ತಿದ್ದರು. ನಕ್ಕರೆ ನಗಲಿ, ಗಿರಣಿ ಹುಡುಕಿದ ಹಾಗೆ ಮನೆ ಹುಡುಕುವ ಫಜೀತಿ ನಮಗಿರಲಿಲ್ಲ.

ನಮಗಿದ್ದ ಫಜೀತಿ ಶಾಲೆಯದು. ಅದು ಮೊದಲ ಸಲ ನಮ್ಮ ಕೇರಿಗೆ ಬಂದಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಬೇರೆಯವರಾದರೆ ತಕ್ಷಣ ಮಕ್ಕಳನ್ನು ಒಳಗೆ ನೂಕುತ್ತಿದ್ದರು. ನಮ್ಮವರು ಹಾಗೆ ಮಾಡಲಿಲ್ಲ. ದೂರದಿಂದ ನಡೆದು ಬಂದವರನ್ನು ದಣಿವಾರುವ ತನಕ ಕಾಡಬಾರದು, ಕೆಲಸ ಹೇಳಬಾರದು ಅನ್ನುವುದು ನಮ್ಮ ಪದ್ಧತಿ. ನಮ್ಮ ಹಿರಿಯರಿಗೆ ಯಾರೂ ದಣಿವಾರಿಸಿಕೊಳ್ಳಲು ಬಿಟ್ಟಿರಲಿಲ್ಲವಲ್ಲ, ಅದಕ್ಕೆ. ಹಾಗಾಗಿ ಶಾಲೆಯ ಮೆಟ್ಟಿಲು ತೊಳೆದು, ಬಾಗಿಲಿಗೆ ಮಾವಿನೆಲೆ ಕಟ್ಟಿ, ಮಕ್ಕಳು ಆ ಕಡೆ ಸುಳಿಯದ ಹಾಗೆ ಕಾವಲು ಕೂತರಂತೆ. ಒಳಗೆ ಮಾಸ್ತರರು ಖಾಲಿ ಕೋಣೆಯಲ್ಲಿ ಕೂತು ಕೂತು ಬೇಸತ್ತು, ಈ ಜನಕ್ಕೆ ಓದು ಬೇಕಾಗಿಲ್ಲ ಎಂದು ಮೇಲಿನವರಿಗೆ ತಿಳಿಸಿ ಪೇಟೆಗೆ ಹೊರಟುಹೋದರು. ಶಾಲೆಯೂ ಅವರ ಹಿಂದೆ ಹೋಯಿತು. ನಮ್ಮಜ್ಜ ಮಾತ್ರ, ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ, ಇಂದಲ್ಲ ನಾಳೆ ಪಾಠ ಶುರುವಾಗ್ತದ ಎನ್ನುತ್ತ ಬೀಡಿ ಸೇದುತ್ತಿದ್ದನಂತೆ.

ಎರಡನೇ ಸಲ ಬಂದಾಗ ನಮ್ಮವರಿಗೆ ಬುದ್ಧಿ ಬಂದಿತ್ತು. ಶಾಲೆಯ ಮೈಮೇಲಿನ ದಾರಿಯ ಧೂಳು ಇಳಿಯುವ ಮೊದಲೇ ನನ್ನನ್ನೂ ಇನಾಸನನ್ನೂ ಎತ್ತಿ ಒಳಗೆ ಹಾಕಿದರು. ಎರಡನೇ ಇಯತ್ತೆಯಲ್ಲಿ ನಾನು ಕೂಡುವ ಲೆಕ್ಕಕ್ಕೆ ಬಂದಿದ್ದೆ, ಕಳೆಯುವುದು ಕಲಿಯುವ ಮೊದಲು ಶಾಲೆ ಎದ್ದು ಹೋಯಿತು. ಈಗಲೂ ನನಗೆ ಕೂಡುವುದಷ್ಟೇ ಬರುತ್ತದೆ. ಅದಕ್ಕೇ ನನ್ನ ಹೆಂಡತಿ ಚಂದ್ರಿ ಸಂತೆಗೆ ನನ್ನನ್ನು ಒಬ್ಬನನ್ನೇ ಕಳಿಸುವುದಿಲ್ಲ.

ಶಾಲೆ ಯಾಕೆ ಎದ್ದು ಹೋಗುತ್ತಿತ್ತು ಅನ್ನುವುದು ಗುಟ್ಟೇನಲ್ಲ. ಅದು ಮಾಸ್ತರರ ಬೆನ್ನು ಬಿಡದು. ನಮ್ಮಲ್ಲಿಗೆ ಬಂದ ಮಾಸ್ತರರು ಯಾರೂ ನಮ್ಮಲ್ಲಿ ಮನೆ ಮಾಡುತ್ತಿರಲಿಲ್ಲ. ಒಬ್ಬರಿಗೆ ನಮ್ಮ ಬಾವಿಯ ನೀರು ಒಗ್ಗುತ್ತಿರಲಿಲ್ಲ, ಇನ್ನೊಬ್ಬರಿಗೆ ನಮ್ಮ ಒಲೆಯ ಹೊಗೆ ಆಗುತ್ತಿರಲಿಲ್ಲ. ನಮ್ಮ ಕಪ್ಪು ಮೈಬಣ್ಣ, ಗುಂಗುರು ಕೂದಲಿನ ವಿಷಯ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕಣ್ಣಿನಲ್ಲಿ ಹೇಳುತ್ತಿದ್ದರು. ಸಂಜೆಯಾದರೆ ಅವರು ಪೇಟೆಯ ದಾರಿ ಹಿಡಿಯುವರು. ಶಾಲೆ ಕೆಲವು ದಿನ ಕಾದು ನೋಡಿ ತಾನೂ ಹಿಂದೆ ಹೋಗುವುದು. ಪೇಟೆಯಲ್ಲಿ ಮಾತ್ರ ಇದನ್ನೇ ಬೇರೆ ಥರ ಹೇಳುತ್ತಿದ್ದರು: ಶಾಲೆಗೇ ಸಿದ್ದಿಗಳ ಮೇಲೆ ಮನಸ್ಸಿಲ್ಲ, ಯಾರೇನು ಮಾಡಲಿಕ್ಕಾಗುತ್ತದೆ. ಆ ಮಾತನ್ನು ಎಷ್ಟು ಸಲ ಕೇಳಿದ್ದೆವೆಂದರೆ ನಮ್ಮಲ್ಲೂ ಕೆಲವರು ಅದನ್ನೇ ಹೇಳತೊಡಗಿದ್ದರು.

ನನ್ನ ಮಗಳು ಶೇವಂತಿ ಏಳನೇ ಇಯತ್ತೆಗೆ ಬಂದ ವರ್ಷ ಶಾಲೆ ಪೇಟೆಯ ಚೌಕದಲ್ಲಿ, ಮಂಜಪ್ಪನವರ ಮನೆಯ ಎದುರಿಗೇ ಇತ್ತು. ನಮ್ಮ ಕೇರಿಯಲ್ಲಿ ಏಳನೆಯದು ದಾಟಿದವರು ಅಲ್ಲಿಯ ತನಕ ಒಬ್ಬರೂ ಇರಲಿಲ್ಲ. ಶೇವಂತಿ ದಾಟುತ್ತಾಳೆಂದು ಕೇರಿಗೆ ಕೇರಿಯೇ ನಂಬಿತ್ತು, ಯಾಕೆಂದರೆ ಅವಳಿಗೆ ಹಟ ನನ್ನ ಅವ್ವನದು, ತಲೆ ಚಂದ್ರಿಯದು. ನನ್ನಿಂದ ಅವಳಿಗೆ ಬಂದದ್ದು ನಿದ್ದೆ ಒಂದೇ, ಅದನ್ನೂ ಆ ವರ್ಷ ಅವಳು ಬಿಟ್ಟುಕೊಟ್ಟಳು. ನಸುಕಿನಲ್ಲೇ ಬೇರೆ ಮಕ್ಕಳನ್ನು ಕರೆದುಕೊಂಡು ಕಾಡಿನ ದಾರಿ ಹಿಡಿಯುತ್ತಿದ್ದಳು. ಆದರೂ ಅವರು ಮುಟ್ಟುವಾಗ ಬೆಳಗಿನ ಪಾಠಗಳೆಲ್ಲ ಮುಗಿದು ಅನ್ನ ಬಡಿಸುವ ಹೊತ್ತಾಗಿರುತ್ತಿತ್ತು. ಪೇಟೆಯ ಹುಡುಗರು ಇವರಿಗೆ ಊಟದ ಸಿದ್ದಿಗಳು ಅಂತ ಹೆಸರಿಟ್ಟರು. ಹೆಸರು ಬಿದ್ದ ದಿನದಿಂದ ಶೇವಂತಿ ಶಾಲೆಯ ಅನ್ನ ಮುಟ್ಟಲಿಲ್ಲ. ಮನೆಯಲ್ಲೇ ತಿಂದು ಬಂದಿದ್ದೇನೆ ಎಂದು ಅಲ್ಲಿ ಹೇಳುತ್ತಿದ್ದಳು, ಶಾಲೆಯಲ್ಲೇ ತಿಂದೆ ಎಂದು ಇಲ್ಲಿ ಹೇಳುತ್ತಿದ್ದಳು. ಚಂದ್ರಿಗೆ ಅದು ಗೊತ್ತಾದ ದಿನ ಅವಳು ಒಲೆ ಹಚ್ಚಲಿಲ್ಲ, ನಾವೂ ಉಪವಾಸ ಬಿದ್ದೆವು.

ಅಷ್ಟರಲ್ಲಿ ಸಮಿತಿಯವರು ಹೊಸದೊಂದು ನಿಯಮ ಮಾಡಿದರು. ಬೆಳಗಿನ ಗಂಟೆಗೆ ಬಾರದ ಮಕ್ಕಳ ಹೆಸರನ್ನು ದೀಪಾವಳಿ ಕಳೆದ ಮೇಲೆ ಶಾಲೆಯಿಂದ ತೆಗೆದುಹಾಕುವುದು ಎಂದು. ಯಾರ ಮಕ್ಕಳು ಅಂತ ಬೇರೆ ಹೇಳಬೇಕಾಗಿರಲಿಲ್ಲ. ನಾನೂ ಇನಾಸನೂ ಮಂಜಪ್ಪನವರ ಹತ್ತಿರ ಹೋದೆವು. ಅವರು ಕೆಟ್ಟವರೇನಲ್ಲ, ನಗುತ್ತಲೇ ಮಾತಾಡಿಸಿದರು, ಕೇರಿಯ ಕ್ಷೇಮಸಮಾಚಾರ ಕೇಳಿದರು. ಶಾಲೆಯನ್ನು ನಮ್ಮ ಕಡೆ ಕಳಿಸಿ ಅಂದಾಗ ಮಾತ್ರ ಮೇಲೆ ನೋಡಿದರು.

“ನಾ ಏನ್ ಅದನ್ನ ಹಿಡ್ಕೊಂಡ್ ಕೂತೇನೇನೋ ಪರ್ಸ್ಯಾ? ಅದಕ್ಕ ಕಾಲದಾವ. ತನಗ ಮನಸಿದ್ದಲ್ಲಿ ಹೋಗ್ತದ.”

ಶಾಲೆಯ ಅಕ್ಕೋರು ಸುಮಿತ್ರಾ ಆಗ ಅಲ್ಲೇ ಜಗಲಿಯಲ್ಲಿ ನಿಂತಿದ್ದರು. ಅವರು ಮಂಜಪ್ಪನವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಒಳ್ಳೆಯ ಹೆಣ್ಣುಮಗಳು, ಶೇವಂತಿ ಮಧ್ಯಾಹ್ನದ ಮೇಲೆ ಬಂದರೂ ಬೆಳಗಿನ ಪಾಠವನ್ನು ಅವಳಿಗೆ ಇನ್ನೊಮ್ಮೆ ಹೇಳಿಕೊಡುತ್ತಿದ್ದರು. ಆದರೆ ಆವತ್ತು ಒಂದು ಮಾತೂ ಆಡದೆ ನೆಲ ನೋಡುತ್ತ ನಿಂತರು. ದಾರಿಯಲ್ಲಿ ಇನಾಸ ಅವರನ್ನು ಬೈದ. ನಾನು ಬೈಯಲಿಲ್ಲ, ಬಾಡಿಗೆ ಮನೆಯಲ್ಲಿ ಇರುವವರ ನಾಲಿಗೆಯೂ ಬಾಡಿಗೆಯದೇ ಅಂದೆ.

ದಸರಾ ರಜೆಯಲ್ಲಿ ಅಕ್ಕೋರು ತವರಿಗೆ ಹೋದರು. ಹೇಳುವವರು ಕೇಳುವವರು ಇಲ್ಲದ ಶಾಲೆ ಸುತ್ತಾಡುತ್ತ ಸುತ್ತಾಡುತ್ತ ನಮ್ಮ ಹಳ್ಳದ ದಂಡೆಗೆ ಬಂತು. ನಾನೂ ಇನಾಸನೂ ಇದೇ ಸಮಯವೆಂದು ಎತ್ತಿನ ಹಗ್ಗ ತಂದು, ಅದರ ಜಗಲಿಯ ಕಂಬಕ್ಕೆ ಬಿಗಿದು, ಹೊನ್ನೆ ಮರಕ್ಕೆ ಕಟ್ಟಿದೆವು. ಇನಾಸ ಅದರ ಮುಂದೆ ಒಂದು ಹೊರೆ ಹುಲ್ಲೂ ಹಾಕಿದ. ಶಾಲೆಗೆ ಹುಲ್ಲು ಯಾಕೋ ಅಂದರೆ, ಇರಲಿ ಬಿಡು, ಹಾಕಿದರೆ ಕಳೆದುಕೊಳ್ಳುವುದೇನು ಅಂದ. ಮಕ್ಕಳು ಕೇಕೆ ಹಾಕಿ ಒಳಗೆ ನುಗ್ಗಿದರು. ಶೇವಂತಿ ಬೋರ್ಡಿನ ಮೇಲೆ ಬರೆಯಲು ಹೋದಳು, ಸುಣ್ಣದ ಬಳಪ ಜಾರುತ್ತಿತ್ತೇ ಹೊರತು ಒಂದು ಗೀಟೂ ಮೂಡಲಿಲ್ಲ. ಶಾಲೆ ಸುಮ್ಮನೆ ಕಿಟಕಿ ಮುಚ್ಚಿಕೊಂಡು ನಿಂತಿತ್ತು.

ಅಷ್ಟರಲ್ಲಿ ಅವ್ವ ಕುಡುಗೋಲು ಹಿಡಿದು ಬಂದಳು. ನನ್ನ ಅವ್ವ ಗುತ್ತೆವ್ವ ಎಂದರೆ ಕೇರಿಯಲ್ಲಿ ಎಲ್ಲರಿಗೂ ಹಿರಿಯಳು. ಹಿರಿಯರಿಗೆ ದೀಪ ಹಚ್ಚುವುದು, ಅವರ ಪರವಾಗಿ ನಮ್ಮನ್ನು ಬೈಯುವುದು, ಎರಡೂ ಅವಳದೇ. ನಾವು ಬೈಗುಳ ಕಾಯುತ್ತ ನಿಂತೆವು. ಅವಳು ಬೈಯಲಿಲ್ಲ, ಹಗ್ಗ ಕೊಯ್ದಳು.

“ನಮ್ಮ ಮಂದಿನ ಹಿಂಗ ಕಟ್ಟಿ ತಂದಿದ್ರು,” ಅಂದಳು. “ನಮ್ಮ ಕೈಲೆ ಯಾರನ್ನೂ ಕಟ್ಟೂದು ಬ್ಯಾಡ.”

ಮಕ್ಕಳು ಇಳಿಯುವ ತನಕ ಕಾದು, ಶಾಲೆ ಮೆಲ್ಲಗೆ ತಿರುಗಿ ಕಾಡು ಹೊಕ್ಕು ಪೇಟೆಯ ದಾರಿ ಹಿಡಿಯಿತು. ಶೇವಂತಿ ಅಳಲಿಲ್ಲ. ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತು, ದೀಪಾವಳಿಗೆ ಇನ್ನು ಹೆಚ್ಚು ದಿನ ಇಲ್ಲ ಅಲ್ಲೇನಪ್ಪಾ ಅಂದಳು. ನಾನು ಬೇಕಾದಷ್ಟು ದಿನ ಅದಾವ ಅಂತ ಸುಳ್ಳು ಹೇಳಿದೆ. ಅವಳಿಗೆ ಕೂಡುವುದೂ ಬರುತ್ತದೆ, ಕಳೆಯುವುದೂ ಬರುತ್ತದೆ ಅನ್ನುವುದು ಮರೆತೇಹೋಗಿತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ನಮ್ಮ ಅಂಗಳದಲ್ಲಿ ಸೇರಿದೆವು. ಒಬ್ಬರು ಅರ್ಜಿ ಕೊಡೋಣ ಅಂದರು, ಒಬ್ಬರು ಮಕ್ಕಳನ್ನು ಪೇಟೆಯಲ್ಲೇ ಯಾರ ಮನೆಯಲ್ಲಾದರೂ ಕೆಲಸಕ್ಕೆ ಬಿಟ್ಟು ಓದಿಸೋಣ ಅಂದರು. ಆ ಮಾತಿಗೆ ಹುಸೇನಬಿ ಚಿಗವ್ವ ಹೊಲಿಯುತ್ತಿದ್ದ ಕೌದಿ ಕೆಳಗಿಟ್ಟು, ಹಾಗೆ ಓದಲು ಹೋದ ತನ್ನ ತಂಗಿ ಪಾತ್ರೆ ತಿಕ್ಕುವುದರಲ್ಲೇ ಮುದುಕಿಯಾದಳು ಎಂದು ನೆನಪಿಸಿದಳು. ಚಂದ್ರಿ ಅಕ್ಕಿ ಕೇರುತ್ತ ಕೂತಿದ್ದವಳು ಮೊರ ಬದಿಗಿಟ್ಟಳು.

“ಸಾಲಿಗೆ ಕಾಲದಾವ ಅಂದ್ರ ಮನಿಗೂ ಅದಾವಲ್ಲ,” ಅಂದಳು. “ಅದು ಇಲ್ಲಿ ನಿಲ್ಲೂದಿಲ್ಲ ಅಂದ್ರ ನಾವ ಅಲ್ಲಿಗೆ ಹೋಗೂಣು.”

ಅವಳು ಹೇಳಿದ್ದರ ಅರ್ಥ ಎಲ್ಲರಿಗೂ ತಿಳಿದಿತ್ತು. ಮನೆ ಏಳಬೇಕೆಂದರೆ ಹಿರಿಯರು ಏಳಬೇಕು. ಎಲ್ಲರೂ ಅವ್ವನ ಮುಖ ನೋಡಿದೆವು. ಅವ್ವ ಸೊಸೆಯ ಮುಖ ನೋಡಿದಳು, ಎದ್ದು ಒಳಗೆ ಹೋದಳು. ಆ ದಿನವೆಲ್ಲ ಅವಳು ಊಟ ಮಾಡಲಿಲ್ಲ. ಚಂದ್ರಿ ತಾನು ದೊಡ್ಡ ತಪ್ಪು ಮಾಡಿದೆನೆಂದು ಹೆದರಿ ಬೇಡ ಬೇಡವೆಂದರೂ ಅವ್ವನ ಕಾಲು ಒತ್ತುತ್ತ ಕೂತಳು. ನನಗೆ ಇಬ್ಬರನ್ನು ನೋಡಿಯೂ ಸಂಕಟವಾಯಿತು. ಮಗಳ ಓದೂ ಬೇಕು, ಆದರೆ ಅಷ್ಟು ನಡೆದು ಬಂದು ಕೂತವರನ್ನು ಮತ್ತೆ ಎಬ್ಬಿಸು ಅಂತ ಹೆತ್ತವ್ವನಿಗೆ ಹೇಳುವ ಬಾಯಿ ನನಗಿರಲಿಲ್ಲ.

ನಡುರಾತ್ರಿ ಕಳೆದದ್ದೇ ಅವ್ವ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಇನಾಸನಿಗೆ ಡಮಾಮಿ ತರಲು ಹೇಳಿಕಳಿಸಿದಳು. ನಮ್ಮ ಡಮಾಮಿ ಡೋಲು ಬಾರಿಸದೆ ಹಿರಿಯರ ಮುಂದೆ ಮಾತಿಲ್ಲ. ಇನಾಸ ಮೆಲ್ಲಗೆ ಬಾರಿಸತೊಡಗಿದ. ಅವ್ವ ಮೂಲೆಯಲ್ಲಿ ತೆಂಗಿನಕಾಯಿಯ ಮುಂದೆ ಕೂತು, ಮಕ್ಕಳ ಸಂಗತಿಯನ್ನೆಲ್ಲ ಹೇಳಿದಳು. ಊಟದ ಸಿದ್ದಿಗಳು ಅನ್ನುವ ಹೆಸರನ್ನೂ ಬಿಡಲಿಲ್ಲ. ಆಮೇಲೆ ಇಷ್ಟಂದಳು:

“ಏಳ್ರೆಪಾ. ಹಿಂದ ಯಾರೋ ಹೊಡದ ಎಬ್ಬಿಸಿ ನಡಸಿದ್ರು ನಿಮ್ಮನ್ನ. ಇದೊಂದ್ ಸಲ ಮೊಮ್ಮಕ್ಕಳ ಸಂಬಂಧ ನೀವ ಎದ್ದು ನಡೀರಿ.”

ಕಾದೆವು. ಏನೂ ಆಗಲಿಲ್ಲ. ಒಂದು ಹೂವು ಬೀಳಲಿಲ್ಲ, ದೀಪ ಅಲುಗಲಿಲ್ಲ, ಯಾರ ಮೈಮೇಲೂ ಬರಲಿಲ್ಲ. ಇನಾಸನ ಕೈ ತಾನಾಗಿ ನಿಧಾನವಾಯಿತು. ಅವ್ವ ಸ್ವಲ್ಪ ಹೊತ್ತು ನೋಡಿ, ವಯಸ್ಸಾದವರು ತಾವಾಗಿ ಎಲ್ಲಿ ಏಳುತ್ತಾರೆ, ಕೈಕೊಡಬೇಕು ಎಂದು ತನ್ನಷ್ಟಕ್ಕೆ ಅಂದುಕೊಂಡು, ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಸೆರಗಿನಲ್ಲಿ ಸುತ್ತಿ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಹಿಡಿದು ಎದ್ದು ನಿಂತಳು. ಅವಳು ನಿಂತದ್ದೇ ನಮ್ಮ ಗುಡಿಸಲೂ ಎದ್ದು ನಿಂತಿತು. ಅಷ್ಟು ಕಾಲ ಕೂತು ಅದರ ಕಾಲು ಜೋಮು ಹಿಡಿದಿತ್ತು, ಮೊದಲು ಒಂದು ಕಡೆ ವಾಲಿ ಮಾಡಿನ ಹುಲ್ಲು ಉದುರಿಸಿತು. ನಮ್ಮದು ಎದ್ದದ್ದು ನೋಡಿ ಹುಸೇನಬಿ ಚಿಗವ್ವ ತನ್ನ ಹಿರಿಯರನ್ನು ಎತ್ತಿಕೊಂಡಳು, ಇನಾಸನ ಹೆಂಡತಿ ತನ್ನ ಹಿರಿಯರನ್ನು ಎತ್ತಿಕೊಂಡಳು. ನಾನು ಅತ್ತೆ. ಗಂಡಸು ಅಳಬಾರದು ಅನ್ನುವವರು ಆವತ್ತು ಅಲ್ಲಿ ಇರಬೇಕಿತ್ತು.

ದಾರಿಯುದ್ದಕ್ಕೂ ಮಾತ್ರ ನಕ್ಕದ್ದೇ ನಕ್ಕದ್ದು. ನಡೆದು ಗೊತ್ತಿಲ್ಲದ ಮನೆಗಳು, ಹಳ್ಳ ದಾಟುವಾಗ ಸೀರೆ ಎತ್ತಿಕೊಂಡ ಹಾಗೆ ತಟ್ಟಿಗೋಡೆ ಎತ್ತಿಕೊಂಡವು. ಚಂದ್ರಿ ಒಲೆ ಆರಿಸಲು ಮರೆತಿದ್ದಳು, ನಮ್ಮ ಮನೆ ಹೊಗೆಯಾಡುತ್ತಲೇ ನಡೆಯಿತು. ಮಾಡಿನ ಮೇಲೆ ಕೂತ ಕೋಳಿಗಳು ಇಳಿಯಲಿಲ್ಲ. ಇನಾಸ ಮುಂದೆ ಡಮಾಮಿ ಬಾರಿಸುತ್ತ ಕುಣಿದ, ಮಕ್ಕಳು ಕುಣಿದರು, ಕಡೆಗೆ ಹುಸೇನಬಿ ಚಿಗವ್ವನೂ ಹೆಗಲ ಮೇಲೆ ಕೌದಿ ಹಾಕಿಕೊಂಡು ಕುಣಿದಳು. ಬಿಸಿಲೇರುವ ಹೊತ್ತಿಗೆ ನಾವು ಪೇಟೆಗೆ ಬಂದಾಗ ಅಂಗಡಿಯವರು ಕೈಯಲ್ಲಿದ್ದ ತಕ್ಕಡಿ ಹಾಗೇ ಹಿಡಿದು ನಿಂತರು. ಸಿದ್ದಿಗಳ ಮನೆಗೂ ಕಾಲಿತ್ತು ಎಂದು ಯಾರೋ ಅಂದರು.

ಚೌಕದಲ್ಲಿ ಮನೆಗಳು ಶಾಲೆಯ ಸುತ್ತ ಒಂದರ ಪಕ್ಕ ಒಂದು ಕೂರತೊಡಗಿದವು. ಇನಾಸ ಪೂರ್ತಿ ಸುತ್ತುಗಟ್ಟೋಣ, ಎಲ್ಲಿಗೆ ಹೋಗುತ್ತದೆ ನೋಡೋಣ ಅಂದ. ಅವ್ವ ಒಪ್ಪಲಿಲ್ಲ. ಶಾಲೆಯ ಬಾಗಿಲಿನಿಂದ ದೊಡ್ಡ ರಸ್ತೆಯವರೆಗೆ ಅಗಲವಾದ ದಾರಿ ಬಿಡಿಸಿದಳು. ಹೋಗುವವರಿಗೆ ದಾರಿ ಇರಬೇಕು, ಉಳಿದರೆ ತನಗೇ ಉಳಿಯಬೇಕು ಅನ್ನಿಸಿ ಉಳಿಯಬೇಕು ಅಂದಳು.

ಅದು ರಜೆ ಮುಗಿದು ಶಾಲೆ ಮತ್ತೆ ತೆರೆಯುವ ದಿನ. ಮಂಜಪ್ಪನವರು ಹೊರಗೆ ಬಂದು ನೋಡಿದರೆ ಅವರ ಕಾಂಪೌಂಡಿನ ಮೇಲೆ ನಮ್ಮ ಕೌದಿಗಳು ಒಣಗುತ್ತಿದ್ದವು. ಅವರು ಮೊದಲು ನಕ್ಕರು, ಆಮೇಲೆ ಗದರಿದರು, ಕಡೆಗೆ ಸುಮಿತ್ರಾ ಅಕ್ಕೋರನ್ನು ಕರೆದರು. ಅಕ್ಕೋರು ತವರಿನಿಂದ ಹಿಂದಿನ ದಿನವಷ್ಟೇ ಬಂದಿದ್ದರು. ನೀವು ಚೀಲ ತಗೊಂಡು ಆ ರಸ್ತೆ ಹಿಡಿದು ಹೊರಟುಬಿಡಿ, ಕೆರೆಯಾಚೆ ನಿಮಗೆ ಬೇರೆ ಕೋಣೆ ಕೊಡಿಸುತ್ತೇನೆ, ಶಾಲೆ ನಿಮ್ಮ ಹಿಂದೆ ಬರುತ್ತದೆ, ಇವರು ಬೇಸತ್ತು ವಾಪಸು ಹೋಗುತ್ತಾರೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅಲ್ಲಿಗೆ ಶಾಲೆಯ ಮನಸ್ಸಿನ ಮಾತು ಮುಗಿಯಿತು. ಅದು ಯಾರ ಮನಸ್ಸು ಅನ್ನುವುದು ಅಧ್ಯಕ್ಷರ ಬಾಯಿಂದಲೇ ಬಂತು.

ಅಕ್ಕೋರು ಚೀಲ, ಕೊಡೆ ಹಿಡಿದುಕೊಂಡು ಬಂದರು. ಅವರು ನಮ್ಮ ಮನೆಗಳ ನಡುವಿನ ದಾರಿಗೆ ಇಳಿದದ್ದೇ ಶಾಲೆಯೂ ಮೆಟ್ಟಿಲು ಮೇಲೆತ್ತಿಕೊಂಡಿತು. ಶೇವಂತಿ ನಮ್ಮ ಹೊಸ್ತಿಲ ಮೇಲೆ ಪಾಟಿಚೀಲ ತಗಲಿಸಿಕೊಂಡು ನಿಂತಿದ್ದಳು. ಚಂದ್ರಿ ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಬಿದ್ದಿತ್ತು. ಅಕ್ಕೋರು ಯಾರನ್ನೂ ನೋಡದೆ ನಡೆದು ಅವ್ವನ ಎದುರಿಗೆ ಬಂದರು. ಅವ್ವ ದಾರಿಯಿಂದ ಪಕ್ಕಕ್ಕೆ ಸರಿದಳು.

“ಹೋಗೂದಾದ್ರ ಹೋಗ್ ತಂಗಿ, ನಾವೇನ್ ತಡಿಯೂದಿಲ್ಲ,” ಅಂದಳು. “ಆದ್ರ ನಾವೂ ನಿನ್ನ ಹಿಂದ ಬರ್ತೇವಿ. ನೀ ಎಲ್ಲಿ ಹೋದ್ರೂ ಬರ್ತೇವಿ. ನಡಿಯೂದು ನಮಗೇನ್ ಹೊಸಾದಲ್ಲ.”

ಅಕ್ಕೋರು ಅವ್ವನ ಎದೆಗೆ ಆತುಕೊಂಡಿದ್ದ ಸೆರಗಿನ ಗಂಟು ನೋಡಿದರು, ಧೂಳು ಮೆತ್ತಿದ ಅವಳ ಕಾಲು ನೋಡಿದರು. ಆಮೇಲೆ ಮಂಜಪ್ಪನವರ ಕಡೆ ತಿರುಗಿ, ಹತ್ತು ಗಂಟೆಯಾಯಿತು, ಹಾಜರಿ ತೆಗೆದುಕೊಳ್ಳಬೇಕು ಸರ್ ಅಂದರು. ಅದು ಇಡೀ ಚೌಕಕ್ಕೆ ಕೇಳಿಸಿತು. ಅವರು ತಿರುಗಿ ನಡೆದು ಕೊಡೆಯನ್ನು ಕಿಟಕಿಗೆ ತಗುಲಿಸಿ, ತಾವೇ ಗಂಟೆ ಬಾರಿಸಿದರು. ಶಾಲೆ ಮೆಟ್ಟಿಲು ಇಳಿಬಿಟ್ಟಿತು. ನಮ್ಮ ಮಕ್ಕಳು ಬೆಳಗಿನ ಗಂಟೆಗೆ ಮೊದಲ ಸಲ ಸಾಲಿನಲ್ಲಿ ನಿಂತರು.

ಅವ್ವ ಕಾಯಿಯನ್ನು ಮನೆಯ ಮೂಲೆಯಲ್ಲಿ ಇಳಿಸಿ, ಅಲ್ಲೇ ಗೋಡೆಗೊರಗಿ ನಿದ್ದೆ ಹೋದಳು. ಮಂಜಪ್ಪನವರು ನಮ್ಮ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ಆದರೆ ಚಳಿ ಶುರುವಾದಾಗ ಅವರ ಹೆಂಡತಿ ಹುಸೇನಬಿ ಚಿಗವ್ವನ ಹತ್ತಿರ ಕೌದಿಗೆ ಹಳೆ ಸೀರೆ ತಂದುಕೊಟ್ಟರು, ಅವರಿಗೆ ಒಂದು ಹೊದಿಕೆ ಹೊಲಿದದ್ದಾಯಿತು. ದಿಬ್ಬದ ಮೇಲಿನ ಗದ್ದೆಗೆ ಈಗ ನಾವು ಕಾಡು ದಾಟಿ ಹೋಗಿ ಬರುತ್ತೇವೆ. ದೂರವೇ. ಆದರೆ ಆ ದೂರ ಈಗ ದೊಡ್ಡವರ ಕಾಲಿಗೆ ಬಂದಿದೆ, ಮಕ್ಕಳ ಕಾಲಿಗಲ್ಲ.

ಶಾಲೆ ತೆರೆದ ಆ ವಾರವೇ ಒಂದು ಮಧ್ಯಾಹ್ನ ಅಕ್ಕೋರು ನಮ್ಮ ಮನೆಯ ಬಾಗಿಲಿಗೆ ಬಂದರು. ನಾನು ಬುಟ್ಟಿ ಹೆಣೆಯುತ್ತಿದ್ದವನು ಗಾಬರಿಯಾಗಿ ಎದ್ದು ನಿಂತೆ. ಅವರ ಮುಖ ಗಂಟಿಕ್ಕಿತ್ತು. ನಿಮ್ಮ ಮಗಳು ಪಾಠದ ನಡುವೆ ಮನೆಗೆ ಓಡುತ್ತಾಳೆ ಅಂದರು. ಒಮ್ಮೆ ನೀರು ಕುಡಿಯಬೇಕು ಅನ್ನುತ್ತಾಳೆ, ಒಮ್ಮೆ ಬಳಪ ಮರೆತೆ ಅನ್ನುತ್ತಾಳೆ, ಒಮ್ಮೆ ಕಾರಣವನ್ನೇ ಹೇಳುವುದಿಲ್ಲ, ಹೋಗಿ ಬರುತ್ತಾಳೆ. ಎಷ್ಟು ಸಲ ಅಂತ ಕ್ಷಮಿಸುವುದು, ಹೀಗಾದರೆ ಉಳಿದ ಮಕ್ಕಳೂ ಕಲಿಯುತ್ತಾರೆ. ಅವರು ಹೇಳುತ್ತಿದ್ದ ಹಾಗೇ ಅವರ ಬೆನ್ನ ಹಿಂದೆ ಶೇವಂತಿ ಶಾಲೆಯ ಮೆಟ್ಟಿಲಿಳಿದು ಓಡಿ ಬಂದಳು, ಅಕ್ಕೋರನ್ನು ನೋಡಿ ಬಾಯಿ ಮುಚ್ಚಿಕೊಂಡು ಹಾಗೇ ತಿರುಗಿ ಓಡಿದಳು. ಹೋದದ್ದೂ ಬಂದದ್ದೂ ನಾನು ಕಣ್ಣು ಮಿಟುಕಿಸುವಷ್ಟರಲ್ಲಿ. ನನ್ನಪ್ಪನಿಗಾಗಲಿ ಅವನಪ್ಪನಿಗಾಗಲಿ ಶಾಲೆಯಿಂದ 'ನಿಮ್ಮ ಮಗ ಹೀಗೆ ಮಾಡುತ್ತಾನೆ' ಎಂದು ಒಂದು ದೂರೂ ಬಂದಿರಲಿಲ್ಲ. ನಾನು ಕೈಕಟ್ಟಿ ನಿಂತು, ಅಕ್ಕೋರು ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಲಿ ಎಂದು ಆಸೆಯಿಂದ ಕೇಳಿಸಿಕೊಂಡೆ.

“ಸ್ವಲ್ಪ ಬುದ್ಧಿ ಹೇಳ್ರಿ ಪರ್ಸು ಅವರ,” ಅಂದರು.

“ಹೇಳ್ತೇನ್ರಿ ಅಕ್ಕೋರ,” ಅಂದೆ.

ಹೇಳಲಿಲ್ಲ.